ಎರವಲು ಮೂಗು

ನನ್ನ ಮೂಗಿನ ಬಗ್ಗೆ ನನಗೆ ಜಂಬವಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉದ್ದನೆಯ, ತುದಿಯಲ್ಲಿ ತುಸು ಬಾಗಿದ, ನೆಂಟರೆಲ್ಲ ಆಡಿಕೊಂಡು ನಗುವ ಮೂಗು ಅದು. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆ ನನ್ನ ಪಾಲಿಗೆ ಸುಳ್ಳು, ಯಾವ ಮೂಗುತಿ ಇಟ್ಟರೂ ಮೂಗೇ ಭಾರ. ಅಂಥ ಮೂಗಿಗೆ ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಕೆಲಸ ಸಿಕ್ಕಿತು. ಕದ್ದುಮುಚ್ಚಿ ಮಾಡುವ ಕೆಲಸ. ಒಟ್ಟು ಹದಿನೇಳು ದಿನ ನಡೆಯಿತು. ಆ ಹದಿನೇಳು ದಿನದಲ್ಲಿ ನಕ್ಕಷ್ಟು ನಾನು ಜನ್ಮದಲ್ಲಿ ನಕ್ಕಿರಲಿಲ್ಲ, ಹೆದರಿದಷ್ಟು ಹೆದರಿಯೂ ಇರಲಿಲ್ಲ.

ಕೆಲಸ ಕೊಟ್ಟವಳು ನನ್ನ ದೊಡ್ಡಮ್ಮ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇರುವುದು. ನಾನು ಎರಡು ಬೀದಿ ಆಚೆಯ ಅಚ್ಚುಕೂಟದಲ್ಲಿ ಯಂತ್ರ ನಡೆಸುತ್ತೇನೆ, ದೊಡ್ಡಮ್ಮನ ಕೆಲಸ ಮಾರುಕಟ್ಟೆಯಲ್ಲಿ.

ನಮ್ಮೂರಿನವರಿಗೆ ಅಣಬೆಯ ಹುಚ್ಚು. ಮಳೆ ನಿಂತು ಎರಡು ಬಿಸಿಲು ಬಿದ್ದರೆ ಸಾಕು, ಬುಟ್ಟಿ ಹಿಡಿದು ಊರಾಚೆಯ ಕಾಡಿಗೆ, ಹುಲ್ಲುಗಾವಲಿಗೆ ಓಡುತ್ತಾರೆ. ಕಿತ್ತು ತರುವುದು ಸುಲಭ, ತಿನ್ನುವುದಕ್ಕೆ ಧೈರ್ಯ ಬೇಕು. ಒಂದೇ ಮರದ ಬುಡದಲ್ಲಿ ಊಟವೂ ಇರುತ್ತದೆ, ವಿಷವೂ ಇರುತ್ತದೆ, ಎರಡೂ ಒಂದೇ ಬಣ್ಣದ ಕೊಡೆ ಹಿಡಿದಿರುತ್ತವೆ. ಅದಕ್ಕೇ ಮಾರುಕಟ್ಟೆಯ ಮೂಲೆಯಲ್ಲಿ ಒಂದು ತಗಡಿನ ಮೇಜು, ಮೇಲೊಂದು ಹಳದಿ ಬಲ್ಬು, ಮೇಜಿನ ಹಿಂದೆ ದೊಡ್ಡಮ್ಮ. ಕಾಡಿನಿಂದ ಬಂದವರು ನೇರ ಅಲ್ಲಿಗೆ ಬಂದು ಬುಟ್ಟಿ ಸುರಿಯುತ್ತಾರೆ. ಅವಳು ಒಂದೊಂದನ್ನೂ ತಿರುಗಿಸಿ, ಗೀರಿ, ಮೂಸಿ, ಒಳ್ಳೆಯದನ್ನು ಬಿಳಿ ತಟ್ಟೆಗೂ ಕೆಟ್ಟದ್ದನ್ನು ಕಪ್ಪು ಬಕೆಟ್ಟಿಗೂ ಹಾಕುತ್ತಾಳೆ. ಆಮೇಲೆ ಒಂದು ಚೀಟಿ, ಚೀಟಿಯ ಮೇಲೆ ದುಂಡನೆಯ ಮೊಹರು. ಮೂವತ್ತೊಂದು ವರ್ಷದಲ್ಲಿ ಆ ಮೊಹರು ಬಿದ್ದ ಅಣಬೆ ತಿಂದ ಒಬ್ಬರಿಗೂ ಒಂದು ತೇಗು ಕೂಡ ಹೆಚ್ಚಿಗೆ ಬಂದಿರಲಿಲ್ಲ. ಊರಿಗೆ ಅವಳು ಚೀಟಿಯಮ್ಮ. ಅವಳ ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಮೊದಲೆಲ್ಲ ಸಂಜೆ ನಾನು ಅಚ್ಚುಕೂಟದಿಂದ ಬಂದು ಹೊಸಿಲು ದಾಟಿದರೆ ಸಾಕು, ಒಲೆಯ ಮುಂದೆ ಬೆನ್ನು ಹಾಕಿ ನಿಂತವಳು ತಿರುಗದೆಯೇ “ಬಂದ್ಯಾ ಪುಟ್ಟಿ?” ಅನ್ನುತ್ತಿದ್ದಳು. ಬರಿಗಾಲಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ಬಂದರೂ ಅಷ್ಟೇ. ದೊಡ್ಡಮ್ಮನಿಗೆ ಬೆನ್ನಲ್ಲೂ ಕಣ್ಣಿದೆ ಅಂದುಕೊಂಡೇ ನಾನು ಬೆಳೆದದ್ದು. ಈ ವರ್ಷ ಬೇಸಿಗೆಯ ಕೊನೆಗೆ ಅವಳಿಗೆ ಒಂದು ಕೆಟ್ಟ ಜ್ವರ ಬಂದು ಹತ್ತು ದಿನ ಮಲಗಿಸಿತು. ಎದ್ದು ಓಡಾಡಲು ಶುರು ಮಾಡಿದ ಮೇಲೆ ಒಂದು ಸಂಜೆ ನಾನು ಒಳಗೆ ಬಂದು “ದೊಡ್ಡಮ್ಮಾ” ಅಂದೆ. ಅವಳು ಬೆಚ್ಚಿಬಿದ್ದು ಕೈಲಿದ್ದ ತಟ್ಟೆಯನ್ನು ಬಿಟ್ಟುಬಿಟ್ಟಳು. ಒಲೆಯ ಮೇಲೆ ಹಾಲು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಅವಳು ಅದರ ಎದುರಿಗೇ ನಿಂತಿದ್ದಳು.

“ಹಾಲು ಸೀದು ಕರಕಲಾಗಿದೆ. ನಿನಗೆ ವಾಸನೆ ಬರ್ಲಿಲ್ವಾ?”

ಅವಳು ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಬಾಗಿಲು ಹಾಕು,” ಅಂದಳು. ಹಾಕಿದೆ. “ಚಿಲಕಾನೂ ಹಾಕು.” ಅದನ್ನೂ ಹಾಕಿದೆ.

“ಮೂಗು ಹೋಯ್ತು ಕಣೇ. ಜ್ವರ ಬಂದಾಗಿಂದ ಒಂದು ವಾಸನೆನೂ ಗೊತ್ತಾಗ್ತಿಲ್ಲ. ಬಂದ್ರೆ ಬರಬಹುದು, ಬರದಿದ್ರೆ ಇಲ್ಲ ಅಂತಾರೆ ಡಾಕ್ಟ್ರು.”

ನನಗೊಂದು ಕೆಟ್ಟ ಚಾಳಿಯಿದೆ. ದುಃಖದ ಸುದ್ದಿ ಕೇಳಿದರೆ ಮೊದಲು ನಗು ಬರುತ್ತದೆ, ಅಳು ಆಮೇಲೆ ಸಾವಕಾಶವಾಗಿ ಬರುತ್ತದೆ. ಅವತ್ತೂ ನಕ್ಕುಬಿಟ್ಟೆ. ದೊಡ್ಡಮ್ಮ ಸೌಟು ಎತ್ತಿದಳು, ಎತ್ತಿದವಳು ತಾನೂ ನಕ್ಕಳು. ಕೊನೆಗೆ ಇಬ್ಬರೂ ಸೀದ ಹಾಲಿನ ಮುಂದೆ ನೆಲದ ಮೇಲೆ ಕೂತು ಕಣ್ಣೊರೆಸಿಕೊಂಡೆವು. ಯಾವುದು ನಗುವಿನ ನೀರು, ಯಾವುದು ಬೇರೆಯದು ಅಂತ ನಾವು ಕೇಳಿಕೊಳ್ಳಲಿಲ್ಲ.

“ಇನ್ನು ಒಂದು ವಾರಕ್ಕೆ ಅಣಬೆ ಏಳುತ್ತೆ,” ಅಂದಳು. “ಆಮೇಲೆ ಮೇಲ್ವಿಚಾರಕರು ತಪಾಸಣೆಗೆ ಬರ್ತಾರೆ. ಪಕ್ಕದಲ್ಲಿ ಆ ಮಾತ್ರೆ ಮಹಾರಾಯನ್ನ ಕೂರಿಸ್ಕೊಂಡು.”

ಮಾತ್ರೆ ಮಹಾರಾಯ ಅಂದರೆ ಮಾರುಕಟ್ಟೆಯ ಎದುರಿನ ಔಷಧಿ ಅಂಗಡಿಯವರು. ಅಣಬೆಯ ಮೇಲೆ ಮೂರು ದಪ್ಪ ಪುಸ್ತಕ ಓದಿದ್ದಾರೆ. ಅವರ ಮುಂದೆ ಅಣಬೆ ಇಟ್ಟರೆ ಮೊದಲು ಕನ್ನಡಕ ತೆಗೆಯುತ್ತಾರೆ, ಆಮೇಲೆ ಪುಸ್ತಕ ತೆಗೆಯುತ್ತಾರೆ, ಅಣಬೆಯನ್ನು ಮುಟ್ಟುವ ಹೊತ್ತಿಗೆ ಅದು ಬಾಡಿರುತ್ತದೆ. ದೊಡ್ಡಮ್ಮನ ಕುರ್ಚಿಯ ಮೇಲೆ ಅವರ ಕಣ್ಣು ಬಿದ್ದು ಎಂಟು ವರ್ಷವಾಗಿತ್ತು. ತಪಾಸಣೆ ವರ್ಷಕ್ಕೊಮ್ಮೆ. ಮೇಲ್ವಿಚಾರಕರು ಒಂದು ಬೆಳಿಗ್ಗೆ ಪೂರ್ತಿ ಪಕ್ಕದಲ್ಲಿ ಕೂತು ಕೆಲಸ ನೋಡಿ ಮುಂದಿನ ವರ್ಷಕ್ಕೆ ಸಹಿ ಹಾಕುತ್ತಾರೆ. ಮೂಗಿಲ್ಲದವಳಿಗೆ ಯಾರು ಸಹಿ ಹಾಕುತ್ತಾರೆ? ಕುರ್ಚಿ ಹೋದರೆ ದೊಡ್ಡಮ್ಮ ಮನೆಯಲ್ಲಿ ಕೂತು ಏನು ಮಾಡುತ್ತಾಳೆ? ಬೀದಿಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಹನ್ನೊಂದು ಜನ ನಮಸ್ಕಾರ ಹೇಳುತ್ತಿದ್ದ ಹೆಂಗಸು ಅವಳು.

“ನನ್ನ ಮೂಗು ಇದೆಯಲ್ಲ, ಇಷ್ಟುದ್ದ,” ಅಂದೆ. “ತಗೋ.”

ಅಚ್ಚುಕೂಟದ ಯಜಮಾನರಿಗೆ ದೊಡ್ಡಮ್ಮನ ಕೈ ನಡುಗುತ್ತಿದೆ, ಚೀಟಿ ಬರೆಯಲು ಜನ ಬೇಕು ಎಂದು ಹೇಳಿ, ಬೆಳಗಿನ ಪಾಳಿಯನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಂಡೆ. ಪಾಠ ಅವತ್ತೇ ಶುರುವಾಯಿತು. ನನ್ನ ಕಣ್ಣಿಗೆ ಟವೆಲ್ಲು ಕಟ್ಟಿ ದೊಡ್ಡಮ್ಮ ಒಂದೊಂದೇ ವಸ್ತು ಮೂಗಿನ ಹತ್ತಿರ ತರುತ್ತಿದ್ದಳು.

“ಇದು?”

“ಮೂಲಂಗಿ.”

“ಅಣಬೆಲಿ ಈ ವಾಸನೆ ಬಂದ್ರೆ ಬಕೆಟ್ಟಿಗೆ. ಇದು?”

“ಒಣ ಜರ್ದಾಳು.”

“ಹೊನ್ನಣಬೆದು ಇದೇ ವಾಸನೆ. ತಟ್ಟೆಗೆ. ಇದು?”

“ನಿನ್ನ ಚಪ್ಪಲಿ.”

“ಸರಿಯಾಗಿ ಹೇಳಿದೆ.”

ನಾನು ಹೆದರಿ ಕೇಳಿದೆ, “ಜೀವ ತೆಗೆಯೋ ಬಿಳಿ ಅಣಬೆ ಇದೆಯಲ್ಲ, ಅದಕ್ಕೆ?” ದೊಡ್ಡಮ್ಮ ಟವೆಲ್ಲು ಬಿಚ್ಚಿ ನನ್ನ ಕಣ್ಣನ್ನೇ ನೋಡಿದಳು. “ಅದನ್ನ ಹಿಡಿಯೋದು ಕಣ್ಣು, ಮೂಗಲ್ಲ. ಕೊಡೆ ಕೆಳಗಿನ ಪದರ ಬಿಳಿ, ಬುಡದಲ್ಲಿ ಚೀಲ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಇದರಲ್ಲಿ ಸಂಶಯ ಇದ್ದಿದ್ರೆ ಆ ಮೇಜಿನ ಹತ್ರ ಒಂದು ಗಳಿಗೆ ಕೂರ್ತಿರ್ಲಿಲ್ಲ.” ಅದನ್ನು ಕೇಳಿ ನನಗೆ ರಾತ್ರಿ ನಿದ್ದೆ ಬಂತು.

ಇನ್ನೊಂದು ಪಾಠ ಉಳಿದಿತ್ತು. ಹುಲ್ಲುಗಾವಲಿನಲ್ಲಿ ಬೆಳೆಯುವ ಬಯಲಣಬೆ ಊರಿಗೆಲ್ಲ ಪ್ರಿಯ. ಅದರ ತದ್ರೂಪಿ ಇನ್ನೊಂದಿದೆ, ದೊಡ್ಡಮ್ಮ ಅದಕ್ಕೆ ಮಳ್ಳಿ ಅನ್ನುತ್ತಾಳೆ. ಮಳ್ಳಿ ಕೊಲ್ಲುವುದಿಲ್ಲ, ಆದರೆ ಎರಡು ದಿನ ಬಚ್ಚಲಿನಿಂದ ಹೊರಗೆ ಬಿಡುವುದಿಲ್ಲ. ಗೀರಿದರೆ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಮಾರುಕಟ್ಟೆಯ ಹಳದಿ ಬಲ್ಬಿನ ಕೆಳಗೆ ಎಲ್ಲವೂ ಹಳದಿಯೇ ಆದ್ದರಿಂದ, ಇದೊಂದನ್ನು ಮಾತ್ರ ದೊಡ್ಡಮ್ಮ ಮೂವತ್ತೊಂದು ವರ್ಷವೂ ಮೂಗಿನಿಂದಲೇ ಹಿಡಿದದ್ದು.

“ಮಳ್ಳಿ ವಾಸನೆ ಮಸಿ ಥರ ಇರುತ್ತೆ. ಆಸ್ಪತ್ರೆ ನೆಲ ಒರೆಸೋ ನೀರಿನ ಥರಾನೂ ಅನ್ನು. ಅದನ್ನೊಂದು ಸಲ ನೋಡ್ಬಿಡು, ಆ ಶಾಯಿ ಬಾಟ್ಲಿ ತಗೊಂಡು...”

“ದೊಡ್ಡಮ್ಮಾ,” ಅಂದೆ ನಾನು, “ಹದಿನಾರು ವರ್ಷದಿಂದ ಮಸಿಲಿ ಮುಳುಗಿ ಏಳ್ತಿದೀನಿ. ಮೀನಿಗೆ ಈಜು ಕಲಿಸ್ತೀಯಾ?”

ದೊಡ್ಡಮ್ಮ ನಕ್ಕು ಬಾಟಲಿಯನ್ನು ಕಪಾಟಿನಲ್ಲಿಟ್ಟಳು. ಆ ಬಾಟಲಿಯನ್ನು ನೆನೆದರೆ ಈಗಲೂ ನನ್ನ ತಲೆಗೆ ನಾನೇ ಮೊಟಕಿಕೊಳ್ಳುತ್ತೇನೆ.

ಸನ್ನೆ ಸುಲಭವಿತ್ತು. ದೊಡ್ಡಮ್ಮ ಅಣಬೆಯನ್ನು ತೋರಿಕೆಗೆ ತಾನೊಮ್ಮೆ ಮೂಸಿ “ಇದನ್ನ ಬರ್ಕೋ” ಎಂದು ನನ್ನ ಮುಂದೆ ಹಿಡಿಯುವುದು. ನಾನು ಬಾಗಿ ಬರೆಯುವ ನೆಪದಲ್ಲಿ ಮೂಸಿ ಪೆನ್ನಿನಿಂದ ಮೇಜು ಕುಟ್ಟುವುದು. ಒಂದು ಸಲ ಕುಟ್ಟಿದರೆ ಸರಿಯಿದೆ, ಎರಡು ಮೂಲಂಗಿ, ಮೂರು ಮಸಿ, ನಾಲ್ಕು ಅಂದರೆ ನನಗೆ ತಿಳಿಯುತ್ತಿಲ್ಲ, ಎಸೆದುಬಿಡು.

ಮೊದಲ ದಿನ ಭಯಕ್ಕೆ ಎಲ್ಲದಕ್ಕೂ ನಾಲ್ಕು ಕುಟ್ಟಿದೆ. ಜನ ಬರಿಬುಟ್ಟಿ ಹಿಡಿದು ಗೊಣಗುತ್ತ ಹೋದರು. ಐದನೆಯ ದಿನದ ಹೊತ್ತಿಗೆ ಕೈ ಪಳಗಿತು. ಹತ್ತನೆಯ ದಿನ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಜಗತ್ತಿನಲ್ಲಿ ಇಷ್ಟೊಂದು ವಾಸನೆ ಇದೆ ಅಂತ ಇಷ್ಟು ದಿನ ಯಾರೂ ನನಗೆ ಹೇಳಿಯೇ ಇರಲಿಲ್ಲವಲ್ಲ! ಬಾದಾಮಿಯ ವಾಸನೆಯ ಅಣಬೆ, ಮೀನಿನ ವಾಸನೆಯದು, ಈಗಷ್ಟೇ ಬೀಸಿದ ಹಿಟ್ಟಿನದು. ದಾರಿಯಲ್ಲಿ ಗೋಡೆ ಮೂಸಿದೆ, ಬಸ್ಸಿನ ಕಂಬಿ ಮೂಸಿದೆ, ಅಚ್ಚುಕೂಟದ ಯಜಮಾನರ ಕೋಟು ಮೂಸಿ ಬೈಸಿಕೊಂಡೆ. ರಾತ್ರಿ ಊಟಕ್ಕೆ ಕೂತಾಗ ದೊಡ್ಡಮ್ಮ “ಇವತ್ತು ಏನೇನು ಬಂತು, ಹೇಳು” ಅನ್ನುತ್ತಿದ್ದಳು, ನಾನು ಒಂದೊಂದೇ ಬಣ್ಣಿಸುತ್ತಿದ್ದೆ. ಅವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿದ್ದಳು.

ತಪಾಸಣೆಯ ದಿನ ಶನಿವಾರ. ಮೇಲ್ವಿಚಾರಕರು ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಎಡಗಡೆ ಅವರು, ಬಲಗಡೆ ಔಷಧಿ ಅಂಗಡಿಯವರು, ನಡುವೆ ಇರುಕಿಕೊಂಡು ನಾವಿಬ್ಬರು. ಸಾಲು ಮಾರುಕಟ್ಟೆಯ ಗೇಟಿನ ತನಕ ಬೆಳೆದಿತ್ತು. ದೊಡ್ಡಮ್ಮನ ಕೈ ಯಂತ್ರದ ಹಾಗೆ ಓಡಿತು, ನನ್ನ ಪೆನ್ನೂ ಅದರ ಹಿಂದೆ ಓಡಿತು. ಒಬ್ಬ ಕಂಡಕ್ಟರ್ ಸುಮ್ಮನಿರಲಾರದೆ ಮೇಜಿನ ಅಂಚಿನಲ್ಲಿ ಬೆರಳಿನಿಂದ ತಾಳ ಹಾಕಿದಾಗ ಮಾತ್ರ ದೊಡ್ಡಮ್ಮ ಗಲಿಬಿಲಿಯಾಗಿ ಒಂದು ಒಳ್ಳೆಯ ಅಣಬೆಯನ್ನು ತಟ್ಟೆಗೂ ಬಕೆಟ್ಟಿಗೂ ನಡುವೆ ಐದು ಸಲ ಓಡಾಡಿಸಿದಳು.

“ಪುಸ್ತಕದಲ್ಲಿ ಇದಕ್ಕೆ ಒಂಬತ್ತು ಲಕ್ಷಣ ಹೇಳಿದಾರೆ,” ಅಂದರು ಔಷಧಿ ಅಂಗಡಿಯವರು.

“ಓದ್ತಾ ಇರಿ, ಅಷ್ಟರಲ್ಲಿ ನಾನು ಇನ್ನಿಬ್ಬರನ್ನ ಕಳಿಸ್ತೀನಿ,” ಅಂದಳು ದೊಡ್ಡಮ್ಮ. ಸಾಲಿನಲ್ಲಿದ್ದವರು ನಕ್ಕರು. ಮೇಲ್ವಿಚಾರಕರೂ ಮೀಸೆಯ ಕೆಳಗೆ ನಕ್ಕರು.

ಕೊನೆಯಲ್ಲಿ ಬಂದವನು ಬೀಗ ರಿಪೇರಿಯವನು. ಅವನ ಬುಟ್ಟಿ ನೋಡಬೇಕಿತ್ತು! ಬಯಲಣಬೆಯ ಮಣ್ಣೆಲ್ಲ ಒರೆಸಿ, ಬುಡಗಳನ್ನು ನೀಟಾಗಿ ಕತ್ತರಿಸಿ ಹುಲ್ಲುಗಾವಲಲ್ಲೇ ಬಿಟ್ಟು, ಮದುಮಗಳ ಹಾಗೆ ಸಿಂಗರಿಸಿ ತಂದಿದ್ದ. ಮನೆಗೆ ಅತ್ತೆ ಬಂದಿದ್ದಾರಂತೆ, ಅಳಿಯನ ಕೈಯಡುಗೆ ಅಂತೆ. ದೊಡ್ಡಮ್ಮ ಒಂದರ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಗೀರಿ, ಮೂಸಿ, ನನ್ನ ಮುಂದೆ ಹಿಡಿದಳು. ನಾನು ಬಾಗಿದೆ. ಹಸಿ ಹುಲ್ಲಿನ ವಾಸನೆ, ಅಣಬೆಯ ವಾಸನೆ. ಬೇರೇನೂ ಇಲ್ಲ. ಒಂದು ಸಲ ಕುಟ್ಟಿದೆ. ಮೊಹರು ಬಿತ್ತು. ಬೀಗದವನು ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟು ಜೇಬನ್ನು ತಟ್ಟಿಕೊಂಡು ಹೋದ.

“ಸಹಿ ಮಾಡೋಣ ಅಲ್ವಾ?” ಅಂದರು ಮೇಲ್ವಿಚಾರಕರು. ಔಷಧಿ ಅಂಗಡಿಯವರ ಮುಖ ಸಪ್ಪಗಾಯಿತು. ಕಾಗದಪತ್ರ ಮೇಲ್ವಿಚಾರಕರ ಕಚೇರಿಯಲ್ಲಿತ್ತು. ತರಲು ಹೋದವನು ಅರ್ಧ ಗಂಟೆಯಾದರೂ ಬರದಿದ್ದಾಗ ಒಂದು ಲೋಟ ಚಹಾ ಕುಡಿಯೋಣವೆಂದು ಎಲ್ಲರೂ ಹೊರಗಿನ ಅಂಗಡಿಯ ಮುಂದೆ ಬಿಸಿಲಿಗೆ ಬಂದೆವು. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು. ದೊಡ್ಡಮ್ಮ ಲೋಟ ತೆಗೆದುಕೊಳ್ಳಲು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

ಅವಳ ಹೆಬ್ಬೆರಳಿನ ಉಗುರು ಹಳದಿಯಾಗಿತ್ತು. ಬಿಸಿಲಿನಲ್ಲಿ ಅರಿಶಿನ ಮೆತ್ತಿದಷ್ಟು ಹಳದಿ.

“ಪುಟ್ಟಿ,” ಅಂದಳು ಮೆಲ್ಲಗೆ, “ನಿನ್ನ ಹತ್ರ ಮಸಿ ವಾಸನೆ ಬರ್ತಿದೆಯಾ? ನಿನ್ನ ಬಟ್ಟೆಯಿಂದ?”

ನಾನು ತೋಳನ್ನು ಮೂಸಿದೆ. ಸೆರಗನ್ನು ಮೂಸಿದೆ. ಕೈಯ ಗೆರೆಗಳಲ್ಲೆಲ್ಲ ಹದಿನಾರು ವರ್ಷದ ಕಪ್ಪು ಕೂತಿತ್ತು. ಕೈ ಮೂಸಿದೆ. ಏನೂ ಇಲ್ಲ. ಎಷ್ಟೋ ವರ್ಷದ ಹಿಂದೆಯೇ ನನ್ನ ಮೂಗು ಮಸಿಯನ್ನು ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟಿತ್ತು. ಜಗತ್ತಿನ ಎಲ್ಲ ವಾಸನೆ ಹಿಡಿಯುವ ನನಗೆ ಅದೊಂದು ಮಾತ್ರ ಇಲ್ಲ. ನಾನು ಬಾಯಿ ತೆರೆದೆ, ಹಾಳು ನಗು ಬಂತು.

“ನಗಬೇಡ, ಓಡು!” ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡಳು. ಅರವತ್ತೆರಡು ವರ್ಷದ ಹೆಂಗಸು ಓಡಿದ್ದು ನೋಡಿ ಚಹಾದವನು ಲೋಟದ ಹೊರಗೆ ಚಹಾ ಸುರಿದ. ಬೀಗದವನ ಮನೆ ಊರಿನ ಆ ತುದಿ. ಔಷಧಿ ಅಂಗಡಿಯವರು ತಮ್ಮ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು. ದೊಡ್ಡಮ್ಮ ಕೇಳಲೂ ಇಲ್ಲ, ಹಿಂದೆ ಹತ್ತಿ ಕೂತಳು. ಅವಳ ಹಿಂದೆ ಅರ್ಧ ಸೀಟಿನಲ್ಲಿ ನಾನು.

“ಎಲ್ಲಿಗೆ? ಯಾಕೆ? ಇಳೀರಿ!”

“ಬೀಗದವನ ಮನೆಗೆ. ಬೇಗ. ಮಳ್ಳಿಗೆ ಮೊಹರು ಹಾಕ್ಬಿಟ್ಟಿದೀನಿ.”

ಅವರು ಒಳ್ಳೆಯವರು ಅಂತ ನನಗೆ ಗೊತ್ತಾದದ್ದು ಆವಾಗಲೇ. ಮರುಮಾತಾಡದೆ ಸ್ಕೂಟರ್ ಬಿಟ್ಟರು. ಸಂತೋಷಪಡಲೂ ಪುರುಸೊತ್ತು ಮಾಡಿಕೊಳ್ಳಲಿಲ್ಲ. ತಿರುವಿನಲ್ಲಿ ನನ್ನ ಒಂದು ಚಪ್ಪಲಿ ಹೋಯಿತು, ಮುಂದಿನ ತಿರುವಿನಲ್ಲಿ ಇನ್ನೊಂದೂ ಹೋಯಿತು. ಗಾಳಿಯ ಸದ್ದಿಗೆ ದೊಡ್ಡಮ್ಮ ಅವರ ಕಿವಿಯಲ್ಲಿ ಕಿರುಚುತ್ತಿದ್ದಳು, ಅವರು “ಆಂ? ಆಂ?” ಅನ್ನುತ್ತಿದ್ದರು. ಕೆಂಪು ದೀಪ ಬಿತ್ತು. ಸ್ಕೂಟರ್ ನಿಂತಿತು, ಪಕ್ಕದ ಗಾಡಿಗಳೂ ನಿಂತವು. ಆ ನಿಶ್ಶಬ್ದದಲ್ಲಿ ದೊಡ್ಡಮ್ಮನ ಕಿರುಚು ಮಾತ್ರ ನಿಲ್ಲಲಿಲ್ಲ.

“ನನಗೆ ಮೂಗೇ ಇಲ್ಲಾ ಕಣ್ರೀ! ಎರಡು ತಿಂಗಳಾಯ್ತು!”

ಒಂದು ಬಸ್ಸು ತುಂಬ ಜನ ಕಿಟಕಿಯಿಂದ ತಲೆ ಹಾಕಿ ಅವಳ ಮುಖ ನೋಡಿದರು. ಮೂಗು ಇತ್ತಲ್ಲ, ಅವರಿಗೆ ಅರ್ಥವಾಗಲಿಲ್ಲ. ಔಷಧಿ ಅಂಗಡಿಯವರು ಹಸಿರು ದೀಪ ಬಿದ್ದರೂ ಹೊರಡಲಿಲ್ಲ, ಹಿಂದಿನವರು ಹಾರನ್ ಹೊಡೆದ ಮೇಲೆ ಹೊರಟರು.

ಬೀಗದವನ ಮನೆಯ ಬಾಗಿಲಿಗೆ ಆರು ಬೀಗ. ಅವನ ಕಸುಬಿನ ಹೆಮ್ಮೆ ಅದು, ಮನೆಯೊಳಗಿದ್ದರೂ ಎಲ್ಲವನ್ನೂ ಹಾಕಿಕೊಂಡಿರುತ್ತಾನೆ. ನಾವು ಬಾಗಿಲು ಬಡಿದೆವು. ಒಳಗೆ ಬಾಣಲೆ ಚುಂಯ್ ಅನ್ನುತ್ತಿತ್ತು.

“ತಿನ್ಬೇಡಿ! ತಿನ್ಬೇಡಿ!” ಅಂದಳು ದೊಡ್ಡಮ್ಮ.

“ಯಾರು, ಚೀಟಿಯಮ್ಮನಾ? ಬಂದೆ, ಬಂದೆ,” ಎಂದು ಒಳಗಿನಿಂದ ಮರ್ಯಾದೆಯ ದನಿ. ಒಂದು ಬೀಗ ಕ್ಲಿಕ್ ಅಂದಿತು. ಎರಡನೆಯದು. ಮೂರನೆಯದರ ಕೀ ಎಲ್ಲೋ ಇಟ್ಟಿದ್ದಾನಂತೆ. ಅಷ್ಟರಲ್ಲಿ ಕಿಟಕಿಯಿಂದ ಒಂದು ಮುದಿದನಿ ಕೇಳಿಸಿತು, “ನಾನಾಗ್ಲೇ ಹೇಳಿದೆ ಅಳಿಯಂದ್ರೇ, ಬಾಣಲೆ ಆಸ್ಪತ್ರೆ ಥರ ನಾರ್ತಿದೆ ಅಂತ!” ಅದಕ್ಕೆ ಅಳಿಯನ ಉತ್ತರ, “ಅತ್ತೆ, ಚೀಟಿ ಇದೆ ಅಂದ್ನಲ್ಲ! ಚೀಟಿಯಮ್ಮ ಮೂಸಿದಾರೆ, ನಿಮ್ಮ ಮೂಗು ಅವರಿಗಿಂತ ದೊಡ್ದಾ?”

ದೊಡ್ಡಮ್ಮ ಬಾಗಿಲು ಬಡಿಯುತ್ತಿದ್ದ ಕೈಯನ್ನು ಇಳಿಸಿಬಿಟ್ಟಳು. ಕೊನೆಗೆ ಆರನೆಯ ಬೀಗವೂ ಕ್ಲಿಕ್ ಅಂದಿತು.

ಒಳಗೆ ಮೂರು ತಟ್ಟೆ ಹಾಕಿತ್ತು. ಬೀಗದವನ ಹೆಂಡತಿ ಮೂಗಿಗೆ ಸೆರಗು ಹಿಡಿದುಕೊಂಡೇ ಬಡಿಸುತ್ತಿದ್ದಳು. ಅತ್ತೆ ಮುಖ ಕಿವುಚಿಕೊಂಡು ಮೊದಲ ತುತ್ತು ಎತ್ತಿದ್ದರು. ವಾಸನೆ ಬೀದಿಗೆಲ್ಲ ಹರಡಿತ್ತಂತೆ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಿದ್ದರು. ದೊಡ್ಡಮ್ಮ ಹೋಗಿ ಅತ್ತೆಯ ಕೈಯಿಂದ ಚಮಚ ಕಿತ್ತುಕೊಂಡಳು, ಬೀಗದವನ ಜೇಬಿನಿಂದ ಚೀಟಿ ತೆಗೆದು ಎರಡು ತುಂಡು ಮಾಡಿದಳು.

“ನಿಮ್ಮ ಮೂಗು ಸರಿಯಾಗಿ ಹೇಳ್ತಿತ್ತಲ್ಲಮ್ಮಾ,” ಅಂದಳು. “ಅದನ್ನ ಬಿಟ್ಟು ನನ್ನ ಚೀಟಿ ನಂಬಿದ್ರಲ್ಲಾ. ನನಗೆ ವಾಸನೆ ಬರಲ್ಲ. ಇವಳ ಮೂಗು ಸಾಲ ತಗೊಂಡು ಮೇಜಿನ ಹಿಂದೆ ಕೂತಿದ್ದೆ. ಮರ್ಯಾದೆ ಹೋಗುತ್ತೆ ಅಂತ. ತಪ್ಪಾಯ್ತು.” ಅವಳು ಅಳುತ್ತಿದ್ದಳು. ನಾನು ಅವಳು ಅತ್ತದ್ದನ್ನು ನೋಡಿದ್ದು ಅಮ್ಮ ಹೋದಾಗ, ಆಮೇಲೆ ಅವತ್ತು.

ಬೀಗದವನು ಅವಳಿಗೆ ಕುರ್ಚಿ ಕೊಟ್ಟ, ನೀರು ಕೊಟ್ಟ, ಇನ್ನೇನೂ ಹೊಳೆಯದೆ ಒಂದು ಬೀಗವನ್ನೂ ಕೊಟ್ಟ. ಆಗ ದೊಡ್ಡಮ್ಮ ತಲೆಯೆತ್ತಿ ಔಷಧಿ ಅಂಗಡಿಯವರನ್ನು ನೋಡಿದಳು.

“ಬೆಳಿಗ್ಗೆ ನೀವೂ ಪಕ್ಕದಲ್ಲೇ ಇದ್ರಿ. ನಿಮಗೆ ಮೂಗಿದೆ. ಯಾಕೆ ಹೇಳಲಿಲ್ಲ?”

ಅವರು ಒಲೆಯ ಹತ್ತಿರ ಹೋಗಿ, ಬಾಣಲೆಯ ಮೇಲೆ ಬಗ್ಗಿ, ಎದೆ ತುಂಬ ಉಸಿರೆಳೆದರು. ನಾವೆಲ್ಲ ಕಾದೆವು. ಇನ್ನೊಮ್ಮೆ ಎಳೆದರು.

“ಏನೂ ವಾಸನೆ ಇಲ್ವಲ್ಲ?” ಅಂದರು. “ನಮ್ಮ ಅಂಗಡಿ ಥರಾನೇ ಇದೆ.”

ಬೀಗದವನ ಅತ್ತೆ ಮೊದಲು ನಕ್ಕರು. ಆಮೇಲೆ ಎಲ್ಲರಿಗೂ ಹತ್ತಿಕೊಂಡಿತು. ಮೂವತ್ತು ವರ್ಷ ಔಷಧಿಯ ಮಧ್ಯೆ ಕೂತ ಆ ಮನುಷ್ಯನಿಗೆ ತನ್ನ ಮೂಗಿನ ಕಥೆ ಆಗಷ್ಟೇ ತಿಳಿದು, ಮುಖ ಮೂರು ಬಣ್ಣಕ್ಕೆ ತಿರುಗಿ, ಕೊನೆಗೆ ಅವರೂ ಗೋಡೆ ಹಿಡಿದುಕೊಂಡು ನಕ್ಕರು. ದೊಡ್ಡಮ್ಮನಂತೂ ಅಳುವಿನ ಮಧ್ಯದಲ್ಲೇ ನಗುತ್ತಿದ್ದಳು. ಈ ಚಾಳಿ ನನಗೆ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯಿತು.

ನಗು ನಿಂತ ಮೇಲೆ ಅವಳು ಎದ್ದು ಮಾರುಕಟ್ಟೆಗೆ ಹೊರಟಳು. ಮೇಲ್ವಿಚಾರಕರು ಸಹಿಯ ಕಾಗದ ಹರಡಿಕೊಂಡು ಕಾಯುತ್ತಿದ್ದರು. ಅವಳು ಮೊಹರನ್ನು ಅದರ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಪೆನ್ನು ಕುಟ್ಟಿದ್ದನ್ನೂ ಬಿಡಲಿಲ್ಲ. ಅವರು ಮೊಹರನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು. ನಾನು ಪಕ್ಕದಲ್ಲಿ ಬರಿಗಾಲಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ.

“ಮುಚ್ಚಿಟ್ಟದ್ದು ತಪ್ಪು,” ಅಂದರು ತಮ್ಮ ಸಣ್ಣ ದನಿಯಲ್ಲಿ. “ಅದಕ್ಕೆ ಈ ಅಣಬೆ ಕಾಲ ಮುಗಿಯೋ ತನಕ ಮೊಹರು ನನ್ನ ಹತ್ರ ಇರುತ್ತೆ. ಪ್ರತಿ ಚೀಟಿಗೂ ನಾನೇ ಬಂದು ಒತ್ತುತ್ತೀನಿ. ಆದ್ರೆ ಕುರ್ಚಿ? ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನ್ರೀ?”

“ಇಲ್ಲದ ಮೂಗನ್ನ ಕೊಯ್ಯೋದು ಹೇಗೆ ಸಾರ್?” ಅಂದೆ ನಾನು. ಎರಡೂ ಕಡೆಯಿಂದ ಬೈಗುಳ ಬಿತ್ತು.

ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡು, “ವಾಸನೆ ಗೊತ್ತಾಗದೆ ಇದ್ರೂ ಉಗುರು ನೋಡಿ ಹಿಡಿದಿದ್ದು ಅವರೇ. ನಾನಾಗಿದ್ರೆ ಇಷ್ಟು ಹೊತ್ತಿಗೆ ಪುಸ್ತಕ ಹುಡುಕ್ತಿದ್ದೆ,” ಅಂದರು. ಮರುದಿನ ತಾವೇ ಏಣಿ ಹತ್ತಿ ಹಳದಿ ಬಲ್ಬು ಕಿತ್ತು ಬಿಳಿ ದೀಪ ಹಾಕಿದರು.

ನನ್ನ ಮೂಗಿನ ಕೆಲಸ ಹೋಯಿತು. ಆ ಜಾಗಕ್ಕೆ ಬೀಗದವನ ಅತ್ತೆ ಬಂದರು. ಮಗಳ ಮನೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ಇದೇ ವಾಸಿಯಂತೆ. ಈಗ ಗುಟ್ಟು ಗಿಟ್ಟು ಏನೂ ಇಲ್ಲ. ದೊಡ್ಡಮ್ಮ ಗೀರಿ ನೋಡುತ್ತಾಳೆ, ಆಕೆ ಮೂಸಿ ಇಡೀ ಮಾರುಕಟ್ಟೆಗೆ ಕೇಳಿಸುವ ಹಾಗೆ “ಮೂಲಂಗಿ!” “ಹಿಟ್ಟು!” “ಥೂ!” ಎಂದು ಕೂಗುತ್ತಾರೆ. ಬುಟ್ಟಿ ತಂದವರೂ ಒಮ್ಮೆ ಮೂಸಿಯೇ ಚೀಟಿ ತೆಗೆದುಕೊಳ್ಳಬೇಕು. ಅದು ದೊಡ್ಡಮ್ಮ ಮಾಡಿದ ಹೊಸ ಕಾನೂನು. ಅಣಬೆ ತರದವರೂ ತಮಾಷೆ ನೋಡಲು ಬಂದು ಸಾಲಿನಲ್ಲಿ ನಿಲ್ಲುತ್ತಾರೆ.

ಅಣಬೆಯ ಕಾಲ ಮುಗಿಯಲು ಬಂದಾಗ, ಒಂದು ಗುರುವಾರ, ಅಚ್ಚುಕೂಟದಲ್ಲಿ ದೊಡ್ಡ ಕೆಲಸವಿತ್ತು. ಇಡೀ ದಿನ ಕಪ್ಪು ಮಸಿಯಲ್ಲೇ ಕೈಯಾಡಿಸಿ ಸಂಜೆ ಸುಸ್ತಾಗಿ ಬಂದೆ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದೆ. ಈಚೆಗೆ ಅವಳು ಬೆಚ್ಚಿಬೀಳಬಾರದೆಂದು ಬಾಗಿಲಲ್ಲೇ ಕೆಮ್ಮಿ ಒಳಗೆ ಬರುವುದು ರೂಢಿಯಾಗಿತ್ತು. ಅವತ್ತು ಮರೆತು ಸುಮ್ಮನೆ ಹೊಸಿಲು ದಾಟಿದೆ. ದೊಡ್ಡಮ್ಮ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು.

“ಬಂದ್ಯಾ ಪುಟ್ಟಿ?” ಅಂದಳು, ತಿರುಗದೆ.

ತಾನು ಏನು ಹೇಳಿದೆ ಎಂಬುದು ಅವಳಿಗೂ ಆಮೇಲೆ ಹೊಳೆಯಿತು. ಸೌಟು ಹಿಡಿದು ಹಾಗೇ ನಿಂತಳು. ನಾನೂ ನಿಂತೆ. ಚಿಕ್ಕಂದಿನಿಂದ ಬೆನ್ನಿನ ಕಣ್ಣು ಅಂದುಕೊಂಡದ್ದು ಏನೆಂದು ನನಗೆ ಈಗ ತಿಳಿಯಿತು. ಅವಳು ಬಂದು ನನ್ನ ಎರಡೂ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡು ಉಸಿರೆಳೆದಳು, ಬಿಟ್ಟಳು, ಮತ್ತೆ ಎಳೆದಳು. ಬರುತ್ತಿರುವುದು ಮಸಿ ಒಂದೇ, ಬೇರೆ ಯಾವ ವಾಸನೆಯೂ ಇನ್ನೂ ಇಲ್ಲವಂತೆ, ಒಲೆಯ ಮೇಲಿನದ್ದೂ ಇಲ್ಲವಂತೆ.

“ಹೇಗಿದೆ, ಹೇಳು,” ಅಂದೆ. “ನನಗೆ ಗೊತ್ತಾಗಲ್ಲ.”

ಅವಳು ನನ್ನ ಕೈ ಬಿಡದೆ ನೆಲದ ಮೇಲೆ ಕೂತು ಹೇಳತೊಡಗಿದಳು. ನಾನು ನಗುತ್ತಲೇ ಕೇಳಿದೆ. ಅವಳ ಬೆನ್ನ ಹಿಂದೆ ಒಲೆಯ ಮೇಲೆ ಹಾಲು ಸೀಯುತ್ತಿರುವ ವಾಸನೆ ನನಗೆ ಬರುತ್ತಿತ್ತು, ಆದರೂ ಏಳಲಿಲ್ಲ.